ಗಬ್ಬೂರಿನ ಮನೆಯ ನಿಧಾನ ನೆಟ್

ನೆಟ್ ನಿಧಾನ ಎಂದು ಯಾರಾದರೂ ಹೇಳಿದರೆ ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಮಳೆ ಬಂತೇ, ಬಿಸಿಲು ಹೆಚ್ಚಾಯಿತೇ ಎಂದು ಕೇಳುವಷ್ಟು ಸಲೀಸಾಗಿ ಜನ ಆಡುವ ಮಾತು ಅದು. ನಾನು ಮಾತ್ರ ತಿರುಗಿ ಕೇಳುತ್ತೇನೆ: ಎಲ್ಲದಕ್ಕೂ ನಿಧಾನವೋ, ಕೆಲವಕ್ಕೆ ಮಾತ್ರವೋ? ಮದುವೆ ಊಟದ ಪಂಕ್ತಿಯಲ್ಲಿ ಕೂತು ಇಂಥ ಪ್ರಶ್ನೆ ಕೇಳುವ ಹೆಂಗಸನ್ನು ಜನ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಧಾರವಾಡದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವುದು ನನ್ನ ಕೆಲಸ. ಒಳಗಿನವರು ಯಾವ ತಾಣಕ್ಕೆ ಹೋಗಬಹುದು, ಯಾವುದಕ್ಕೆ ಹೋಗಬಾರದು ಎಂದು ಕಾಯುವ ಒಂದು ಪೆಟ್ಟಿಗೆ ನಮ್ಮಲ್ಲಿದೆ, ಫೈರ್‌ವಾಲ್. ಅದಕ್ಕೆ ಬುದ್ಧಿ ಹೇಳುವವಳು ನಾನು. ಹುಡುಗರು ನನಗೆ ಇಟ್ಟ ಹೆಸರುಗಳೆಲ್ಲ ನನಗೆ ಗೊತ್ತು; ಒಂದೆರಡು ಚೆನ್ನಾಗಿಯೇ ಇವೆ.

ಮೊದಮೊದಲು ನಾನು ಮುಚ್ಚಿದ ತಾಣಕ್ಕೆ ಯಾರಾದರೂ ಹೋದರೆ 'ಇದನ್ನು ಕಾಲೇಜು ನಿಷೇಧಿಸಿದೆ' ಎಂಬ ಪುಟ ಬರುತ್ತಿತ್ತು. ಬಂದ ತಕ್ಷಣ ಹುಡುಗರು ನನ್ನ ಕೋಣೆಗೆ ಜಗಳಕ್ಕೆ ಬರುತ್ತಿದ್ದರು. ಯಾಕೆ ನಿಷೇಧ, ಯಾರು ಹೇಳಿದ್ದು, ಕ್ರಿಕೆಟ್ ನೋಡಿದರೆ ಏನು ಪಾಪ. ನನಗೆ ಜಗಳ ಅಂದರೆ ಬೇಜಾರಿಲ್ಲ, ಆದರೆ ದಿನವಿಡೀ ಅದೇ ಆದರೆ ಕೆಲಸ ಯಾವಾಗ? ಒಂದು ದಿನ ಪ್ರಾಂಶುಪಾಲರು ಕರೆದು ತಣ್ಣಗೆ ಹೇಳಿದರು: “ಇಲ್ಲ ಅಂತ ಯಾಕ ಬಾಯಿ ಬಿಟ್ಟು ಹೇಳ್ತೀರಿ? ಸುಮ್ಮ ಇದ್ದು ಬಿಡ್ರಿ. ಅವರಾಗೇ ಬ್ಯಾಸತ್ತು ಎದ್ದು ಹೋಗ್ತಾರ.”

ಹಾಗೆ ಸುಮ್ಮನಿರುವುದಕ್ಕೂ ನಮ್ಮ ಕೆಲಸದಲ್ಲಿ ಒಂದು ದಾರಿಯಿದೆ. ಬ್ರೌಸರ್ ಒಂದು ತಾಣಕ್ಕೆ ಹೊರಟಾಗ ಮೊದಲು ಬಾಗಿಲು ಬಡಿಯುತ್ತದೆ. ಫೈರ್‌ವಾಲಿಗೆ 'ರಿಜೆಕ್ಟ್ ಮಾಡು' ಎಂದಿದ್ದರೆ ಒಳಗಿನಿಂದ ಕೂಡಲೇ 'ಇಲ್ಲ, ಹೋಗು' ಎಂಬ ಉತ್ತರ ಬರುತ್ತದೆ. ಬ್ರೌಸರ್ ಆ ಕ್ಷಣವೇ 'ಸಂಪರ್ಕ ನಿರಾಕರಿಸಲಾಯಿತು' ಎಂದು ತೋರಿಸುತ್ತದೆ. 'ಡ್ರಾಪ್ ಮಾಡು' ಎಂದಿದ್ದರೆ ಬಡಿದ ಸದ್ದನ್ನೇ ಫೈರ್‌ವಾಲ್ ನುಂಗಿಬಿಡುತ್ತದೆ. ಉತ್ತರವೇ ಇಲ್ಲ. ಬ್ರೌಸರ್ ಪಾಪದ ಪ್ರಾಣಿ, ಕೇಳಿಸಲಿಲ್ಲವೇನೋ ಎಂದು ಮತ್ತೆ ಬಡಿಯುತ್ತದೆ, ಮೊದಲಿಗಿಂತ ಎರಡರಷ್ಟು ಹೊತ್ತು ಕಾಯುತ್ತದೆ, ಮತ್ತೆ ಬಡಿಯುತ್ತದೆ. ಮೇಲೆ ಆ ಸಣ್ಣ ಉಂಗುರ ಸುತ್ತುತ್ತಲೇ ಇರುತ್ತದೆ. ಕೊನೆಗೆ ಕೈಬಿಟ್ಟು 'ಈ ತಾಣ ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡಿತು' ಎಂದು ಬರೆಯುತ್ತದೆ. ನೋಡಿ, ತಪ್ಪು ಯಾರ ಮೇಲೆ ಹೋಯಿತು? ನಡುವೆ ನಿಂತ ಗೋಡೆಯ ಮೇಲಲ್ಲ, ಆಚೆ ದಡದಲ್ಲಿ ಏನೂ ಅರಿಯದೆ ಕೂತ ತಾಣದ ಮೇಲೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಫೈರ್‌ವಾಲ್ ಪರಿಶೀಲಿಸಿ' ಎಂದೂ ಒಂದು ಸಾಲು ಇರುತ್ತದೆ, ಆದರೆ ಅಷ್ಟು ಕೆಳಗೆ ಯಾರೂ ಓದುವುದಿಲ್ಲ.

ನಾನು ಎಲ್ಲವನ್ನೂ ಡ್ರಾಪ್‌ಗೆ ಬದಲಿಸಿದೆ. ಜಗಳ ಅಂದಿಗೇ ನಿಂತಿತು. ಹುಡುಗರು ಫೋನ್ ಆರಿಸಿ ಹಚ್ಚಿದರು, ಕಿಟಕಿ ಹತ್ತಿರ ಹೋಗಿ ನಿಂತರು, ಕಂಪನಿಯನ್ನು ಬೈದರು. ಒಬ್ಬಳು ಬಂದು, “ನನ್ನ ಫೋನ್ ದರಿದ್ರ ಐತ್ರಿ ಮೇಡಮ್, ಯಾವುದೂ ತಗೀವಲ್ದು” ಎಂದಳು. ಇಲ್ಲ ಎಂದವರ ಮೇಲೆ ಸಿಟ್ಟು ಮಾಡಬಹುದು. ಏನೂ ಅನ್ನದವರ ಮುಂದೆ ಮನುಷ್ಯ ತನ್ನ ಮೇಲೆಯೇ ಸಂಶಯ ಪಡುತ್ತಾನೆ. ಇದು ಆಗ ನನಗೆ ಕೆಲಸದ ಅನುಕೂಲವಾಗಿ ಕಂಡಿತ್ತು, ಅದಕ್ಕಿಂತ ಹೆಚ್ಚೇನೂ ಅಲ್ಲ.

ನನಗೆ ಒಬ್ಬಳೇ ತಂಗಿ. ಮದುವೆಗೆ ಮುಂಚೆ ಧಾರವಾಡದ ಖಾಸಗಿ ಸಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು. ಸರಕಾರಿ ಶಿಕ್ಷಕಿಯ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ನಿವೃತ್ತ ಹೆಡ್‌ಮಾಸ್ತರರಾದ ನಮ್ಮ ಅಪ್ಪನಿಗೆ ಅದೊಂದೇ ಆಸೆ, ಅವಳಿಗೂ ಅದೊಂದೇ. ಹುಬ್ಬಳ್ಳಿಯ ಆಚೆ, ಗಬ್ಬೂರಿನ ಬೈಪಾಸ್ ಹತ್ತಿರದ ಹೊಸ ಬಡಾವಣೆಯ ಮನೆಯಿಂದ ಸಂಬಂಧ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು, ಹುಡುಗಿ ಓದಬಹುದೇ ಎಂದು. ಹುಡುಗ ಅಲ್ಲಿಯ ಮನೆಗಳಿಗೆ ಕೇಬಲ್ ಎಳೆದು ಇಂಟರ್ನೆಟ್ ಕೊಡುವ ವ್ಯವಹಾರದವನು. “ಓದ್ಲಿ ಬಿಡ್ರಿ ಸರ್, ನೆಟ್ ನಮ್ಮ ಮನೀದ ಐತಿ. ಇಪ್ಪತ್ನಾಕ ತಾಸು ಓದ್ಲಿ” ಎಂದ. ಮಾತು ಹೂವಿನಷ್ಟು ಮೆತ್ತಗೆ, ಯಾರನ್ನೂ ಏಕವಚನದಲ್ಲಿ ಕರೆಯುವವನಲ್ಲ. ಅವ್ವ ಅವತ್ತೇ ಸೋತಳು. ನಾನೂ ಸೋತೆ, ಸುಳ್ಳು ಯಾಕೆ ಹೇಳಲಿ. ನನ್ನ ಕೆಲಸದ ಮಾತು ತಿಳಿಯುವವರು ನಮ್ಮ ಬಳಗದಲ್ಲಿ ಅವನೊಬ್ಬನೇ.

ಮದುವೆಯಾದ ಮೇಲೆ ಒಂದೊಂದೇ ಸಣ್ಣ ಬದಲಾವಣೆ. ಮನೆಯಲ್ಲಿ ವೈಫೈ ಇರುವಾಗ ದಂಡ ಯಾಕೆ ಎಂದು ಅವಳ ಫೋನಿನ ಡೇಟಾ ನಿಂತಿತು. ಮೋಸದ ಸಂದೇಶಗಳು ಬರುತ್ತವೆ ಎಂದು ಅವನು ಅವಳ ಫೋನಿನಿಂದ ಸಂದೇಶದ ಆ್ಯಪ್ ತೆಗೆದ. ಆ ದಿನಗಳಲ್ಲಿ ನಮ್ಮ ಓಣಿಯಲ್ಲೇ ಒಬ್ಬರು ಅಂಥ ಮೋಸಕ್ಕೆ ಸಿಕ್ಕಿದ್ದರು, ಹಾಗಾಗಿ ಅಪ್ಪ, “ಶಾಣ್ಯಾತನ ಮಾಡ್ಯಾರ” ಎಂದರು. ಅವಳ ಫೋನಿಗೆ ಕರೆ ಮಾಡಿದರೆ ಸ್ಪೀಕರಿನಲ್ಲಿ ಅವಳ ದನಿ, ಅದರ ಹಿಂದೆಯೇ ಅವನದು. “ಅಕ್ಕಾರ, ಆರಾಮ್ರಿ?” ಆರಾಮ ಎಂದು ನಾನು, ಆರಾಮ ಎಂದು ಅವಳು. ಮೂವರ ಮಧ್ಯೆ ಆರಾಮವೊಂದೇ ಓಡಾಡುತ್ತಿತ್ತು.

ಉಳಿದ ದಾರಿ ಮೇಲ್ ಒಂದೇ. ಓದಲಿಕ್ಕೆಂದು ನಾನು ಕೊಟ್ಟ ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ವಾರಕ್ಕೊಮ್ಮೆಯಾದರೂ ಬರೆದುಕೊಳ್ಳುತ್ತಿದ್ದೆವು. ಅತ್ತೆಮನೆಯ ತಮಾಷೆ, ಪರೀಕ್ಷೆಯ ತಯಾರಿ, ಅವ್ವನ ಮೊಣಕಾಲು. ಯುಗಾದಿಯ ಹೊತ್ತಿಗೆ ಅವಳ ಉತ್ತರ ನಿಂತಿತು. ನಾನು ಬರೆದೆ, ಮತ್ತೆ ಬರೆದೆ. ಹೊಸ ಸಂಸಾರ, ಪುರುಸೊತ್ತಿಲ್ಲ ಅಂದುಕೊಂಡೆ. ಆಮೇಲೆ ಸಿಟ್ಟು ಬಂತು. ಗಂಡನ ಮನೆ ಸೇರಿದ ಕೂಡಲೇ ಅಕ್ಕ ಬೇಡವಾದಳೇ ಎಂದು ಅವ್ವನ ಮುಂದೆ ಒದರಾಡಿದೆ. ಸ್ಪೀಕರಿನಲ್ಲಿ 'ಯಾಕೆ ಬರೆಯುವುದಿಲ್ಲ' ಎಂದು ಕೇಳುವುದು ಹೇಗೆ? ಗಂಡ ಕೇಳಿಸಿಕೊಳ್ಳುವಾಗ ಹೆಂಡತಿಯನ್ನು ಹಾಗೆ ಕೇಳಿದರೆ ಅದು ದೂರು ಹೇಳಿದಂತಾಗುತ್ತದೆ.

ನಮ್ಮ ಕಡೆಯ ಮರ್ಯಾದೆ ಅಂದರೆ ಹಾಗೆಯೇ. ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕು. ಅಳಿಯನನ್ನು ಒಂದು ಸಲ ಕೇಳಬಹುದು, ಎರಡನೆಯ ಸಲ ಕೇಳಿದರೆ ನಾವು ಸಣ್ಣವರು. ಅವರೂ ಬಾಯಿ ಬಿಟ್ಟು ಇಲ್ಲ ಎನ್ನುವುದಿಲ್ಲ. ಮಗಳನ್ನು ನಾಲ್ಕು ದಿನ ಕಳಿಸಿ ಎಂದು ಅಪ್ಪ ಕೇಳಿದಾಗಲೆಲ್ಲ ಉತ್ತರ ಒಂದೇ: “ಕಳಸೂಣು ತಗೋರಿ, ನೋಡೂಣು.” ಅವ್ವ ಅದನ್ನು ಹೂಂ ಎಂದೇ ಹಿಡಿದು ಹಾಸಿಗೆಗೆ ಹೊಸ ಚಾದರ ಹಾಕುತ್ತಿದ್ದಳು. ತಂಗಿ ಬರುತ್ತಿರಲಿಲ್ಲ. ಅಪ್ಪ ಸಾಲೆಯ ಗೋಡೆಗಳ ಮೇಲೆ 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಬರೆಸುತ್ತಿದ್ದ ಮನುಷ್ಯ. ಆ ಬಂಗಾರ ನಮ್ಮ ಮನೆಯಲ್ಲಿ ಬೇಕಾದಷ್ಟು ಕೂಡಿತ್ತು.

ಸ್ಪೀಕರಿನಲ್ಲಿ ತಂಗಿ ಒಮ್ಮೆ ಹೇಳಿದ್ದಳು, ಗಬ್ಬೂರಿನಲ್ಲಿ ನೆಟ್ ಭಾಳ ಸ್ಲೋ ಎಂದು. ಅವ್ವ ನಕ್ಕು, ದೀಪದ ಬುಡಕ್ಕ ಕತ್ತಲಿ ಎಂದಳು. ಊರಿಗೆಲ್ಲ ನೆಟ್ ಕೊಡುವವನ ಮನೆಯಲ್ಲಿ ನೆಟ್ ಇಲ್ಲ. ಅವನೂ ನಕ್ಕ. ನಾನೂ ನಕ್ಕೆ.

ಪಂಚಮಿ ಬಂತು. ಅಪ್ಪ ಬುದ್ಧನ ದಾರಿ ಹಿಡಿದ ಮೇಲೆ ನಮ್ಮ ಮನೆಯಲ್ಲಿ ನಾಗಪ್ಪನಿಗೆ ಹಾಲೆರೆಯುವುದು ನಿಂತಿದೆ. ಉಂಡಿ ನಿಂತಿಲ್ಲ. “ಹಾವಿಗೆ ಹಾಲು ಬ್ಯಾಡ ಅಂದ್ರ ಬ್ಯಾಡ. ಮಗಳಿಗೆ ಉಂಡಿ ಬ್ಯಾಡ ಅಂತ ಯಾವ ಬುದ್ಧ ಹೇಳ್ಯಾನ?” ಎನ್ನುವುದು ಅವ್ವನ ವಾದ. ಹಬ್ಬಕ್ಕೆ ಕಳಿಸಿ ಎಂದರೆ ಈ ಸಲವೂ “ನೋಡೂಣು ತಗೋರಿ.” ಶೇಂಗಾದ್ದು, ಎಳ್ಳಿನದು, ರವೆಯದು ಎಂದು ಮಾಡಿದ ಉಂಡಿಗಳನ್ನು ಅವ್ವ ಡಬ್ಬಿಗೆ ತುಂಬಿ, “ಅಕಿ ಬರದಿದ್ರ ನೀನರ ಹೋಗಿ ಕೊಟ್ಟು ಬಾ” ಎಂದು ನನ್ನನ್ನು ಓಡಿಸಿದಳು. ಹೇಳದೆ ಕೇಳದೆ ಹೋಗುವುದು ನಮ್ಮಲ್ಲಿ ಚೆನ್ನಲ್ಲ. ಆದರೆ ಉಂಡಿ ಡಬ್ಬಿ ಕೈಯಲ್ಲಿದ್ದವರನ್ನು ಬಾಗಿಲಲ್ಲಿ ನಿಲ್ಲಿಸುವುದೂ ಚೆನ್ನಲ್ಲ. ಈ ಎರಡನೆಯದನ್ನು ನಂಬಿ ಹೊರಟೆ.

ಬಾಗಿಲು ತೆರೆದವನು ಅವನೇ. ಒಂದು ಗಳಿಗೆ ನನ್ನನ್ನು ನೋಡಿದ, ಆಮೇಲೆ ಡಬ್ಬಿಯನ್ನು ನೋಡಿದ, ಆಮೇಲೆ ನಕ್ಕ. “ಬರ್ರಿ ಅಕ್ಕಾರ, ಬರ್ರಿ. ಒಂದು ಫೋನ್ ಮಾಡಿದ್ರ ಗಾಡಿ ತಗೊಂಡು ಬಸ್‌ಸ್ಟ್ಯಾಂಡಿಗೆ ಬರ್ತಿದ್ನೆಲ್ರಿ.” ಮನೆ ಕನ್ನಡಿಯಷ್ಟು ಸ್ವಚ್ಛ. ಬಾಗಿಲ ಮೇಲೆ ಒಂದು ಕ್ಯಾಮೆರಾ, ಪಡಸಾಲೆಯಲ್ಲಿ ಇನ್ನೊಂದು, ಅದರ ಸಣ್ಣ ಹಸಿರು ದೀಪ. ತಂಗಿ ಒಳಗಿನಿಂದ ಬಂದು ನನ್ನ ಕೈ ಹಿಡಿದುಕೊಂಡಳು. ಸೊರಗಿರಲಿಲ್ಲ, ಗಾಯವಿರಲಿಲ್ಲ. ನಾನು ಹುಡುಕಿದ್ದು ಖರೆ. ಆದರೆ ಅವಳು ಮಾತಾಡುವ ಮುಂಚೆ ಪ್ರತಿ ಸಲ ಅವನ ಕಡೆ ನೋಡುತ್ತಿದ್ದಳು. ಚಿಕ್ಕಂದಿನಿಂದ ನನ್ನ ಮಾತಿನ ಮಧ್ಯೆ ಬಾಯಿ ಹಾಕಿ ಬೈಸಿಕೊಂಡವಳು ಅವಳು.

ಚಹಾ ಮಾಡುವ ನೆವದಲ್ಲಿ ನಾವಿಬ್ಬರೂ ಅಡಿಗೆಮನೆಗೆ ಬಂದೆವು. ಪಡಸಾಲೆಯಲ್ಲಿ ಟಿವಿಯ ಸದ್ದು. ಅಡಿಗೆಮನೆಯ ಕಟ್ಟೆಯ ಮೂಲೆಯಲ್ಲಿ ನಾನು ಕೊಟ್ಟ ಲ್ಯಾಪ್‌ಟಾಪ್ ಇತ್ತು. ಪರೀಕ್ಷೆಯ ಅರ್ಜಿ ಹಾಕಿದೆಯಾ ಎಂದು ಕೇಳಿದೆ. ಅವಳು ತಲೆ ಕೆಳಗೆ ಹಾಕಿದಳು.

“ಹಾಕಾಕ ಆಗಲಿಲ್ಲ ಅಕ್ಕಾ. ತಾಣಾನ ತಗೀಲಿಲ್ಲ. ಕಡೀ ದಿನಾ ಎಲ್ಲಾರೂ ನುಗ್ಗತಾರ, ಅದಕ್ಕ ತಗೀವಲ್ದು ಅಂದ್ರು ಇವರು. ನಂದ ತಪ್ಪು. ಮೊದಲ ಹಾಕಬೇಕಿತ್ತು.”

“ಮೊದಲ ನೋಡಿರಲಿಲ್ಲೇನು?”

“ದಿನಾ ನೋಡ್ತಿದ್ದೆ. ಇಲ್ಲಿ ನೆಟ್ ಭಾಳ ಸ್ಲೋ.”

ನನಗೆ ಅವಳ ಮೇಲೆ ಸಿಟ್ಟು ಬಂತು. ಅಪ್ಪ ಹಗಲಿರುಳು ಕಾಯುತ್ತಿದ್ದ ಪರೀಕ್ಷೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತೋರಿಸು ನೋಡೋಣ ಎಂದು ಲ್ಯಾಪ್‌ಟಾಪ್ ಎಳೆದುಕೊಂಡೆ. ನೇಮಕಾತಿ ತಾಣದ ವಿಳಾಸ ಹೊಡೆದೆ. ಉಂಗುರ ಸುತ್ತತೊಡಗಿತು. ಅಷ್ಟರಲ್ಲಿ ತಂಗಿ, “ಉಂಡಿ ಪಾಕ ಹೆಂಗ ಹಿಡೀಬೇಕಂತ ಇದ್ರಾಗ ಒಬ್ಬಾಕಿ ಛಲೋ ತೋರಸ್ತಾಳ” ಎಂದು ಪಕ್ಕದ ಪುಟ ಒತ್ತಿದಳು. ವಿಡಿಯೋ ಬೆರಳೆತ್ತುವ ಮುಂಚೆಯೇ ಶುರುವಾಯಿತು. ಬೆಲ್ಲ ಕುದಿಯುವುದು ಸ್ಪಷ್ಟವಾಗಿ ಕಾಣುತ್ತಿತ್ತು, ಒಂದು ಕ್ಷಣವೂ ನಿಲ್ಲಲಿಲ್ಲ. ಪಕ್ಕದ ಉಂಗುರ ಇನ್ನೂ ಸುತ್ತುತ್ತಿತ್ತು.

ನಿಧಾನವಾದ ಜಾಲ ಎಲ್ಲರಿಗೂ ನಿಧಾನ. ಅದಕ್ಕೆ ಬೆಲ್ಲದ ಪಾಕ ಯಾವುದು, ನೇಮಕಾತಿ ಯಾವುದು ಎಂದು ತಿಳಿಯುವುದಿಲ್ಲ. ತಿಳಿಯುತ್ತಿದೆ ಎಂದರೆ ಯಾರೋ ತಿಳಿಸಿಕೊಟ್ಟಿದ್ದಾರೆ. ಕೊನೆಗೆ ಆ ಪುಟ ಬಂತು. 'ಈ ತಾಣ ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡಿತು.' ನನ್ನ ಕಾಲೇಜಿನಲ್ಲಿ ದಿನಾ ನೋಡುವ ಪುಟ.

ಹಾಡಿನ ತಾಣ ಹೊಡೆದೆ, ಬಂತು. ಸೀರೆ ಮಾರುವ ತಾಣ, ಬಂತು. ಹಳೆಯ ಪ್ರಶ್ನೆಪತ್ರಿಕೆಗಳ ತಾಣ, ಉಂಗುರ. ಧಾರವಾಡಕ್ಕೆ ಬಸ್ಸಿನ ವೇಳೆ ತೋರಿಸುವ ತಾಣ, ಉಂಗುರ. ಆಮೇಲೆ ಯಾಕೆಂದು ಗೊತ್ತಿಲ್ಲ, ಮಹಿಳಾ ಸಹಾಯವಾಣಿಯ ತಾಣ ಹೊಡೆದೆ. ಅದೂ ಸುತ್ತುತ್ತಾ ಕೂತಿತು. ನನಗೆ ನಿಜವಾದ ಹೆದರಿಕೆ ಆದದ್ದು ಆಗಲೇ. ಅವಳಿಗೆ ಅದು ಒಂದು ದಿನ ಬೇಕಾಗಬಹುದು ಎಂದು ಅವಳಿಗಿಂತ ಮೊದಲೇ ಒಬ್ಬರು ಕೂತು ಯೋಚಿಸಿದ್ದರು.

“ಮೇಲ್?” ಎಂದೆ. ದನಿ ತಗ್ಗಿಸಿದ್ದೆ.

“ಮೇಲ್ ತಗೀತದ,” ಎಂದಳು, ಸ್ವಲ್ಪ ಬಿಗಿಯಾಗಿ. “ನೀ ಬರದ್ರ ಬರ್ತಿತ್ತು.”

ಮೇಲ್ ಖರೆಯೇ ತೆರೆಯಿತು. ಹಳೆಯ ಪತ್ರಗಳೆಲ್ಲ ಸಾಲಾಗಿ ಇದ್ದವು. ಎಲ್ಲಕ್ಕೂ ಮೇಲೆ ಇದ್ದದ್ದು ನಾನು ಯುಗಾದಿಯ ಮುಂಚೆ ಬರೆದದ್ದು. ಅದರ ಮೇಲೆ ಏನೂ ಇಲ್ಲ. ಆ ಲ್ಯಾಪ್‌ಟಾಪನ್ನು ಅವಳಿಗೆ ಕೊಡುವಾಗ, ಕರೆಂಟು ಹೋಗಿ ನೆಟ್ ನಿಂತರೂ ಹಳೆಯ ಮೇಲ್ ಓದಲಿ ಎಂದು ಬ್ರೌಸರಿನೊಳಗೇ ಒಂದು ಪ್ರತಿ ಇಡುವ ಏರ್ಪಾಟು ಮಾಡಿಕೊಟ್ಟಿದ್ದೆ. ಈಗ ಕಾಣುತ್ತಿದ್ದದ್ದು ಆ ಪ್ರತಿ. ಆಚೆಯ ಮೇಲ್‌ಗೆ ಗೋಡೆ ಬಿದ್ದ ದಿನದಿಂದ ಅವಳು ದಿನಾ ತೆರೆದು ನೋಡುತ್ತಿದ್ದದ್ದು ಯುಗಾದಿಯ ಹಿಂದಿನ ದಿನಗಳನ್ನು. ಬಾಗಿಲು ತೆರೆದಿದೆ, ಅಕ್ಕ ಬರೆಯುತ್ತಿಲ್ಲ ಎಂದು ಅವಳು ತಿಳಿದಿದ್ದಳು.

ನನ್ನ ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಹಚ್ಚಿದೆ. ಅವನ ವೈಫೈಯಿಂದ ಅದನ್ನು ಬಿಡಿಸಿ, ನನ್ನದಕ್ಕೆ ಸೇರಿಸಿ, ಕಾದೆ. ಬಹಳ ಹೊತ್ತೇನೂ ಆಗಲಿಲ್ಲ.

ಮೊದಲು ನನ್ನ ಫೋನು ಕೈಯಲ್ಲೇ ಗುರ್ ಎಂದಿತು. ಆಮೇಲೆ ಮತ್ತೆ. ಆಮೇಲೆ ನಿಲ್ಲದೆ. ಅವಳು ತಿಂಗಳುಗಟ್ಟಲೆ ಬರೆದು, ಕಳಿಸು ಒತ್ತಿ, ಹೋಯಿತೆಂದು ನಂಬಿದ ಪತ್ರಗಳು ಆ ಲ್ಯಾಪ್‌ಟಾಪಿನೊಳಗೇ ಸಾಲಾಗಿ ನಿಂತಿದ್ದವು. ದಾರಿ ಸಿಕ್ಕ ಕೂಡಲೇ ಎಲ್ಲವೂ ನನ್ನ ಕೈಗೆ ಬರತೊಡಗಿದವು. 'ಅಕ್ಕಾ, ಯಾಕ ಬರೀವಲ್ಲಿ?' 'ಅವ್ವನ ಕಾಲು ಹೆಂಗೈತಿ?' 'ಅಕ್ಕಾ, ಸಿಟ್ಟಾಗೀಯೇನು?' ಕಟ್ಟೆಯ ಮೇಲೆ ಸ್ಟೀಲಿನ ತಾಟಿನ ಪಕ್ಕ ಇಟ್ಟರೆ ಸದ್ದಾದೀತೆಂದು ಫೋನನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದೆ. ಲ್ಯಾಪ್‌ಟಾಪಿನಲ್ಲಿ ನನ್ನ ಪತ್ರಗಳೂ ಒಂದರ ಮೇಲೊಂದು ಬಂದು ಕೂತವು. ತಂಗಿ ಅವನ್ನು ನೋಡುತ್ತಾ ನಿಂತಳು, ಓದಲಿಲ್ಲ.

ನಾನು ಅವಳಿಗೆ ಎಲ್ಲ ಹೇಳಿದೆ. ರಿಜೆಕ್ಟ್ ಎಂದರೇನು, ಡ್ರಾಪ್ ಎಂದರೇನು, ಬ್ರೌಸರ್ ಯಾಕೆ ಆಚೆಯವರನ್ನೇ ದೂರುತ್ತದೆ. ಚಹಾ ಕುದಿದು ಕುದಿದು ಕಪ್ಪಾಯಿತು. ಅವಳು ಅಳಲಿಲ್ಲ.

“ನಾ ನಿಮಗ ಬ್ಯಾಡಾದೆ ಅಂತ ತಿಳಕೊಂಡಿದ್ದೆ,” ಎಂದಳು. “ಮದಿವ್ಯಾಗ ಏನೋ ತಪ್ಪಾಗೇತಿ ನಂದು, ಅದಕ್ಕ ಅಕ್ಕ ಮಾತು ಬಿಟ್ಟಾಳ ಅಂತ. ಇವರನ್ನ ಕೇಳಿದೆ. ದೊಡ್ಡವರು, ಅವರಿಗೆ ಅವರ ಕೆಲಸಾ ಇರ್ತಾವು, ನೀವು ಇಲ್ಲೇ ಹೊಂದ್ಕೋರಿ ಅಂದ್ರು. ಹೊಂದ್ಕೊಂಡೆ.”

ಆ ಹೊಂದ್ಕೊಂಡೆ ಎಂಬ ಮಾತು ನನ್ನನ್ನು ಕೊಂದಿತು. ಪಡಸಾಲೆಗೆ ಹೋಗಿ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಬಾರಿಸಲಿಕ್ಕೆ ಅವನು ಏನು ಮಾಡಿದ್ದಾನೆ ಎಂದು ಹೇಳಲಿ? ಕೈ ಎತ್ತಿಲ್ಲ. ಬೈದಿಲ್ಲ. ಹೋಗಬೇಡ ಎಂದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರೆ ನಂಬುವವರು ಯಾರು, ಹಾಲಿನ ಹಾಗೇ ಕಾಣುತ್ತಿರುವಾಗ? ನಾನು ಹೇಳಿದರೂ ಅವನು ನಕ್ಕು, 'ಲೈನ್ ಸರಿ ಇಲ್ರಿ' ಎನ್ನುತ್ತಾನೆ. ಅವನ ಬಾಯಿಂದಲೇ ಬರಬೇಕಿತ್ತು.

ಬೇರೆ ಚಹಾ ಮಾಡಿಸಿ ತೆಗೆದುಕೊಂಡು ಹೋದೆ. ಎದುರಿಗೆ ಕೂತು ಕೆಲಸದ ಮಾತು ತೆಗೆದೆ. ಕಾಲೇಜಿನಲ್ಲಿ ಹೊಸ ಫೈರ್‌ವಾಲ್ ತರುತ್ತಿದ್ದೇವೆ ಎಂದೆ, ಅದು ಸುಳ್ಳು. ನಮ್ಮಲ್ಲಿ ತಾಣ ಮುಚ್ಚುವುದರ ಬಗ್ಗೆ ಜಗಳ ನಡೆದಿದೆ ಎಂದೆ. ಅವನ ಮುಖ ಅರಳಿತು. ಟಿವಿ ಸದ್ದು ತಗ್ಗಿಸಿದ.

“ನೀವು ಏನು ಮಾಡ್ತೀರಿ,” ಎಂದೆ, “ರಿಜೆಕ್ಟೋ, ಡ್ರಾಪೋ?”

“ಡ್ರಾಪ್ ರೀ ಅಕ್ಕಾರ. ಯಾವಾಗಲೂ ಡ್ರಾಪ್.” ಚಹಾದ ಕಪ್ಪು-ಬಸಿ ಕೆಳಗಿಟ್ಟು, ಪಾಠ ಹೇಳುವವನ ಹಾಗೆ ಮುಂದೆ ಬಾಗಿದ. “ರಿಜೆಕ್ಟ್ ಮಾಡಿದ್ರ ನಡುವ ಗ್ವಾಡಿ ಐತಿ ಅಂತ ತಿಳೀತೈತಿ. ತಿಳದ್ರ ಸುತ್ತ ಬಳಸಿ ಹೋಗೂ ದಾರಿ ಹುಡಕ್ತಾರ. ಡ್ರಾಪ್ ಮಾಡ್ರಿ, ನೆಟ್ಟ ಸರಿ ಇಲ್ಲಂತ ತಿಳಕೊಂಡು ಸುಮ್ಮ ಆಕ್ಕಾರ. ಸ್ವಲ್ಪ ದಿನಕ್ಕ ಕೇಳೂದನ್ನ ಬಿಡ್ತಾರ.”

ಒಂದು ಅಕ್ಷರವೂ ತಪ್ಪಿರಲಿಲ್ಲ. ನನ್ನ ಹುಡುಗರ ಬಗ್ಗೆ ನಾನೂ ಇದೇ ಲೆಕ್ಕ ಹಾಕಿದ್ದೆ. ಅದನ್ನು ಅವನ ಬಾಯಲ್ಲಿ ಕೇಳಿ ನಾನು ಕುಡಿಯದೆ ಚಹಾ ಕೆಳಗಿಟ್ಟೆ.

ತಂಗಿ ಅಡಿಗೆಮನೆಯ ಬಾಗಿಲಲ್ಲಿ ಉಂಡಿಯ ತಾಟು ಹಿಡಿದು ನಿಂತಿದ್ದಳು. ಅವನಿಗೆ ಅವಳು ಕಾಣುತ್ತಿದ್ದಳು. ಕಂಡೂ ಮಾತು ನಿಲ್ಲಿಸಿರಲಿಲ್ಲ. ಅವಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬ ನಂಬಿಕೆ ಅವನಿಗೆ.

“ಗ್ವಾಡಿ ಐತಿ ಅಂತ ನನಗ ಯಾಕ ತಿಳೀಬಾರದಿತ್ತು?” ಎಂದಳು.

ಅವನು 'ಯಾವ ಗೋಡೆ' ಎಂದು ಕೇಳಲಿಲ್ಲ. ಬೇರೆಯವನಾಗಿದ್ದರೆ ಕೇಳುತ್ತಿದ್ದ. ನನ್ನ ಕಡೆ ತಿರುಗಿ, “ಚಾ ಆರಿ ಹೊಕ್ಕೈತಿ, ಕುಡೀರಿ ಅಕ್ಕಾರ” ಎಂದ.

ಅವಳು ಮತ್ತೆ ಕೇಳಿದಳು, ಅದೇ ಮಾತು, ಅದೇ ದನಿಯಲ್ಲಿ. ಅವನು ರಿಮೋಟ್ ತೆಗೆದುಕೊಂಡು ಟಿವಿಯ ಸದ್ದು ಮೊದಲಿನಷ್ಟಕ್ಕೆ ತಂದ. ಮುಖದಲ್ಲಿ ಸಿಟ್ಟಿಲ್ಲ, ನಾಚಿಕೆ ಇಲ್ಲ. ಅವಳು ಆ ಕೋಣೆಯಲ್ಲೇ ಇಲ್ಲ ಎನ್ನುವ ಹಾಗೆ ಕೂತ. ಅಷ್ಟು ದಿನ ಆ ಮನೆಯಲ್ಲಿ ಅವಳು ಹೇಗೆ ಇದ್ದಿರಬಹುದು ಎಂದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. ಬೇರೆ ಏನನ್ನೂ ಕೇಳುವ ಅಗತ್ಯ ಬೀಳಲಿಲ್ಲ.

ತಂಗಿ ತಾಟನ್ನು ಟೀಪಾಯಿಯ ಮೇಲಿಟ್ಟು ಒಳಗೆ ಹೋದಳು. ಬಂದಾಗ ಕೈಯಲ್ಲಿ ಒಂದು ಚೀಲ, ಲ್ಯಾಪ್‌ಟಾಪ್. ಟಿವಿಯ ಪಕ್ಕದಲ್ಲಿದ್ದ ತನ್ನ ಫೋನ್ ತೆಗೆದುಕೊಂಡಳು.

“ಪಂಚಮಿಗೆ ತೌರಮನಿಗೆ ಹೊಂಟೇನಿ,” ಎಂದಳು.

“ನೋಡೂಣು,” ಎಂದ ಅವನು, ಟಿವಿ ನೋಡುತ್ತಲೇ. ಅವಳು ಅಷ್ಟೊತ್ತಿಗೆ ಚಪ್ಪಲಿ ಮೆಟ್ಟಿದ್ದಳು. ಅವನು ಎದ್ದು ಬರುತ್ತಾನೆ, ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ ಎಂದು ನಾನು ಕಾದೆ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬರಲಿಲ್ಲ. ಬಾಗಿಲ ಮೇಲಿನ ಕ್ಯಾಮೆರಾದ ಕೆಳಗೆ ನಾವಿಬ್ಬರೂ ಹೊರಗೆ ಬಂದೆವು, ಗೇಟಿನವರೆಗೂ ನಾನು ಹಿಂದೆ ತಿರುಗಿ ನೋಡಲಿಲ್ಲ.

ಆಟೋ ಹಿಡಿದು ಹುಬ್ಬಳ್ಳಿಗೆ ಬಂದು, ಧಾರವಾಡದ ಬಸ್ಸು ಹತ್ತಿದೆವು. ಹಬ್ಬದ ಜನ, ಉಂಡಿಯ ವಾಸನೆ, ತೌರಿಗೆ ಹೊರಟ ಹೆಣ್ಣುಮಕ್ಕಳ ಗದ್ದಲ. ನಮಗೆ ಹಿಂದೆ ಜಾಗ ಸಿಕ್ಕಿತು. ಉಣಕಲ್ಲಿನ ಕೆರೆ ಕಾಣುವಾಗ ತಂಗಿ ಮೊದಲ ಸಲ ನಕ್ಕಳು, ಅವ್ವ ಈಗ ಚಾದರ ಬದಲಿಸಿರುತ್ತಾಳೇನು ಎಂದು ಕೇಳಿದಳು. ನಾನು ನನ್ನ ಫೋನಿನಿಂದ ಅವ್ವನಿಗೆ ಹೇಳಿದೆ, ಬರುತ್ತಿದ್ದಾಳೆ ಎಂದು. ಅವ್ವ, “ಅನ್ನಕ್ಕ ಇಡ್ತೇನಿ” ಎಂದು ಕೂಡಲೇ ಫೋನಿಟ್ಟಳು.

“ಅರ್ಜಿ ಹಾಕೂ ಕಡೀ ದಿನಾ ಮುಂದ ಹಾಕಿರ್ತಾರೇನು ನೋಡೂಣೇನ ಅಕ್ಕಾ?” ಎಂದಳು ತಂಗಿ. “ಒಮ್ಮೊಮ್ಮೆ ಹಾಕ್ತಾರ.”

ಹಾಕುತ್ತಾರೆ, ಖರೆ. ನನ್ನ ನೆಟ್ಟನ್ನು ಅವಳ ಫೋನಿಗೆ ಹಚ್ಚಿಕೊಟ್ಟೆ. ಅವಳು ವಿಳಾಸ ಹೊಡೆದಳು. ಉಂಗುರ ಸುತ್ತತೊಡಗಿತು. ಬಸ್ಸಿನಲ್ಲಿ ಸಿಗ್ನಲ್ ಬರುತ್ತಾ ಹೋಗುತ್ತಾ ಇರುತ್ತದೆ ಎಂದೆ. ಅದೇ ವಿಳಾಸವನ್ನು ನನ್ನ ಫೋನಿನಲ್ಲಿ ಹೊಡೆದೆ. ತಟ್ಟನೆ ಬಂತು. ಅವಳದರಲ್ಲಿ ಸುತ್ತುತ್ತಲೇ ಇತ್ತು. ಅವಳು ನನ್ನ ಫೋನು ನೋಡಿದಳು, ತನ್ನದು ನೋಡಿದಳು. ಈಗ ಅವಳಿಗೆ ನಾನು ಬಿಡಿಸಿ ಹೇಳುವುದೇನೂ ಇರಲಿಲ್ಲ.

“ಇದ್ರಾಗೂ ಹಾಕ್ಯಾರೇನು?” ಎಂದಳು.

ಹೂಂ ಎಂದೆ. ಮನೆಯ ಗೋಡೆ ಬಿಟ್ಟು ಬಂದಿದ್ದೆವು. ಫೋನಿನೊಳಗೆ ಇನ್ನೊಂದು ಇತ್ತು. ಗೋಡೆಯ ಜೊತೆ ಮತ್ತೇನಿದೆ ಎಂದು ನನಗೆ ಹೊಳೆಯುವ ಮುಂಚೆಯೇ ಅವಳ ಕೈಯಲ್ಲಿ ಫೋನು ರಿಂಗಾಯಿತು. ಅವನ ಕರೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

“ಬಡಕೊಂಡು ಬಡಕೊಂಡು ನಿಲ್ಲಲಿ ಬಿಡು,” ಎಂದೆ.

“ಬ್ಯಾಡ. ನಾ ಎತ್ತೂದಿಲ್ಲ ಅಂತ ಅವರಿಗೆ ತಿಳೀಲಿ,” ಎಂದು ತಂಗಿ ಕೆಂಪು ಗುಂಡಿ ಒತ್ತಿದಳು. ನನಗೆ ಅವಳ ಬಗ್ಗೆ ಹೆಮ್ಮೆಯಾಯಿತು. ಮತ್ತೆ ಕರೆ ಬರುತ್ತದೆ ಎಂದು ನಾವಿಬ್ಬರೂ ಆ ಫೋನನ್ನೇ ನೋಡುತ್ತಾ ಕೂತೆವು. ಬರಲಿಲ್ಲ.

ಬಂದದ್ದು ಅವನ ಒಂದು ಎಸ್ಸೆಮ್ಮೆಸ್. ಅವಳು ಓದಿ ಫೋನನ್ನು ನನ್ನ ಮಡಿಲಲ್ಲಿ ಇಟ್ಟಳು.

“ಅಮರಗೋಳ ದಾಟಿದ್ರಿ. ಆರಾಮ ಹೋಗಿ ಬರ್ರಿ.”

ಆ ಮರ್ಯಾದೆಯ ಮಾತನ್ನು ನಾನು ಎರಡು ಸಲ ಓದಿದೆ. ಆ ಫೋನಿನ ಮೂಲಕ ನಾವು ಎಲ್ಲಿದ್ದೇವೆಂದು ಅವನಿಗೆ ತಿಳಿಸುತ್ತಿದ್ದದ್ದು ನಾನೇ ಹಚ್ಚಿಕೊಟ್ಟ ನೆಟ್. ತಂಗಿ ಕಿಟಕಿಯ ಕಡೆ ತಿರುಗಿದಳು, ನಾನೂ ತಿರುಗಿದೆ. ಅಮರಗೋಳದ ಮಾರುಕಟ್ಟೆಯ ದೊಡ್ಡ ಗೇಟು, ಅದರ ಮುಂದೆ ನಿಂತ ಲಾರಿಗಳು, ಆಗಷ್ಟೇ ಹಿಂದೆ ಸರಿಯುತ್ತಿದ್ದವು.